ಎಡಗಿವಿಯ ಅಂಚು

"ಮೇಷ್ಟ್ರೇ, ಇಷ್ಟು ಒಳ್ಳೆ ಲೆನ್ಸ್ ತಂದರೂ ಫೋಟೋ ಯಾಕೆ ಶಾರ್ಪ್ ಆಗಿ ಬರ್ತಿಲ್ಲ?"

ಇಂದುಧರ ಈ ಪ್ರಶ್ನೆ ಕೇಳಿದ್ದು ಚಪ್ಪಲಿ ಬಿಟ್ಟು ಜಗುಲಿ ಹತ್ತುವ ಮೊದಲೇ. ಚೆಲುವಯ್ಯ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆ ಊರಿನಲ್ಲಿ ಕ್ಯಾಮೆರಾ ಹಿಡಿಯಲು ಕಲಿತವರೆಲ್ಲ ಅವರ ಜಗುಲಿಯಲ್ಲಿ ಕುಳಿತೇ ಕಲಿತವರು. ಅವರು ಬೈಯುವುದು ಕಡಿಮೆ, ಹೊಗಳುವುದು ಇನ್ನೂ ಕಡಿಮೆ. ಏನಾದರೂ ಕೇಳಿದರೆ ನೆಟ್ಟಗೆ ಉತ್ತರ ಕೊಡದೆ ಕತೆ ಹೇಳುತ್ತಾರೆ ಎಂದು ಶಿಷ್ಯರಲ್ಲಿ ಒಂದು ದೂರೂ ಇತ್ತು.

"ಮೊದಲು ಕೂತ್ಕೊಳಪ್ಪ" ಎಂದರು.

ಇಂದುಧರ ಕೂತ. ತೊಡೆಯ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ಚೀಲದಿಂದ ತೆಗೆದ ಲೆನ್ಸನ್ನು ಮಲಗಿಸಿದ. ಮೊಳದಷ್ಟು ಉದ್ದದ ಜೂಮ್ ಲೆನ್ಸು. ವರ್ಷಗಟ್ಟಲೆ ಆಸೆಪಟ್ಟು ಕೊಂಡದ್ದು. ಅಂಗಡಿಯವರು ಸುತ್ತಿ ಟೇಪು ಹಚ್ಚಿದ ತೆಳು ಪ್ಲಾಸ್ಟಿಕ್ಕು ಅದರ ಮೈಮೇಲೆ ಇನ್ನೂ ಹಾಗೇ ಇತ್ತು. ಜೂಮ್ ತಿರುಗಿಸಿದಾಗಲೆಲ್ಲ ಸರಪರ ಸದ್ದಾಗುತ್ತಿತ್ತು.

ಅವನು ತನ್ನ ಕಷ್ಟವನ್ನೆಲ್ಲ ಹೇಳಿಕೊಂಡ. ಕೆರೆಗೆ ಹೋಗಿದ್ದನಂತೆ. ಹೆಜ್ಜಾರ್ಲೆ ಹಕ್ಕಿಗಳ ಫೋಟೋ ತೆಗೆದನಂತೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಗರಿಯೂ ಇಲ್ಲ, ಕಣ್ಣೂ ಇಲ್ಲ, ಎಲ್ಲ ಮಬ್ಬು. ಶಟರ್ ಸ್ಪೀಡ್ ಏರಿಸಿ ನೋಡಿದ, ಇಳಿಸಿ ನೋಡಿದ. ಇಂಟರ್ನೆಟ್ಟಿನಲ್ಲಿ ಹೇಳಿದ್ದನ್ನೆಲ್ಲ ಮಾಡಿ ನೋಡಿದ.

"ಯಾವುದಾದರೂ ಕಲ್ಲಿನ ಮೇಲೋ ಗೋಡೆ ಮೇಲೋ ಊರಿಕೊಂಡು ತೆಗೆದೆಯಾ?" ಎಂದು ಮೇಷ್ಟ್ರು ಕೇಳಿದರು.

"ಅಯ್ಯೋ, ಗೀರು ಬಿದ್ದುಬಿಟ್ಟರೆ? ಕೈಯಲ್ಲೇ ಹಿಡಿದು ತೆಗೆದೆ. ಒಂದು ಗೀರೂ ಇಲ್ಲದಿದ್ದರೆ ತಿಂಗಳ ಕೊನೆಯೊಳಗೆ ವಾಪಸ್ ತಗೋತೀನಿ ಅಂದಿದ್ದಾನೆ ಅಂಗಡಿಯವನು. ನೀವೇ ಹೇಳಿ ಮೇಷ್ಟ್ರೇ, ಇಟ್ಕೊಳ್ಳಲೋ, ಕೊಟ್ಟುಬಿಡಲೋ?"

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಒಬ್ಬ ಫೋಟೋಗ್ರಾಫರ್ ಇದ್ದ" ಎಂದರು.

ಇಂದುಧರ ಒಳಗೊಳಗೇ ನಿಟ್ಟುಸಿರು ಬಿಟ್ಟ. ಕತೆ ಶುರುವಾಗಿತ್ತು. ಮೇಷ್ಟ್ರು ಹೇಳಿದ ಕತೆ ಇದು.

ಕಾಡಂಚಿನಲ್ಲಿ ಒಂದು ಊರು. ಊರ ಪಕ್ಕದಲ್ಲಿ ಕೆರೆ. ಬೇಸಿಗೆಯಲ್ಲಿ ನೀರು ನಡುವಿಗೆ ಸರಿದು ಸುತ್ತ ಒಣನೆಲ ಬಿದ್ದಿತ್ತು. ಆ ನೀರಿಗೆ ಎರಡು ಆನೆ ಬರುತ್ತಿದ್ದವು. ಎರಡೂ ಗಂಡು. ಎರಡಕ್ಕೂ ದಂತವಿಲ್ಲ. ಒಂದು ತುಸು ದೊಡ್ಡದು, ಇನ್ನೊಂದು ತುಸು ಚಿಕ್ಕದು. ಒಂದನ್ನು ಬಿಟ್ಟು ಇನ್ನೊಂದು ಎಲ್ಲಿಗೂ ಹೋಗುತ್ತಿರಲಿಲ್ಲ. ಅವೆರಡರಲ್ಲಿ ಒಂದು, ಹೊಲ ಕಾಯುತ್ತಿದ್ದ ಒಬ್ಬ ರೈತನನ್ನು ಕೊಂದಿತ್ತು.

ಯಾವುದು ಕೊಂದದ್ದು? ಅದೇ ತಿಳಿಯಬೇಕಾಗಿತ್ತು. ಸತ್ತವನ ಅಣ್ಣ ಆಗ ಅದೇ ಹೊಲದ ಅಟ್ಟಣೆಯ ಮೇಲಿದ್ದ. ಟಾರ್ಚಿನ ಬೆಳಕಿನಲ್ಲಿ ಅವನಿಗೆ ಕಂಡದ್ದು ಒಂದೇ ಒಂದು. ಆನೆಯ ಎಡಗಿವಿಯ ಕೆಳಗಿನ ಅಂಚು ಹರಿದಿತ್ತು, ಯಾರೋ ಕಚ್ಚಿಟ್ಟ ರೊಟ್ಟಿಯ ಹಾಗೆ. ಆನೆ ಎಷ್ಟು ದೊಡ್ಡದಿತ್ತು ಎಂದು ಅಧಿಕಾರಿಗಳು ಕೇಳಿದರು. "ಆನೆಯಷ್ಟೇ ಇತ್ತು ಸಾಮಿ" ಎಂದ. ತಮ್ಮನನ್ನು ತುಳಿಯುವುದನ್ನು ನೋಡಿದವನಿಗೆ ಅಳತೆ ಎಲ್ಲಿ ನೆನಪಿರುತ್ತದೆ.

ಆ ಆನೆಯನ್ನು ಹಿಡಿಯಲು ಸರ್ಕಾರ ಅಪ್ಪಣೆ ಕೊಟ್ಟಿತು. ಪಳಗಿದ ಆನೆಗಳು ಬಂದವು. ಅರಿವಳಿಕೆ ಮದ್ದು ಹೊಡೆಯುವವರು ಬಂದರು. ಮರುದಿನ ಬೆಳಿಗ್ಗೆ ಕೆಲಸ ಎಂದು ನಿಗದಿಯಾಯಿತು. ಕಿವಿ ಹರಿದದ್ದು ಯಾವುದೆಂದು ಅಷ್ಟರೊಳಗೆ ಗೊತ್ತಾಗಬೇಕು. ದುರ್ಬೀನಿನಲ್ಲಿ ನೋಡಿದರೆ ಆನೆ ಕಿವಿ ಬೀಸುತ್ತಲೇ ಇರುತ್ತದೆ. ಒಬ್ಬ ಹರಿದಿದೆ ಎನ್ನುತ್ತಾನೆ, ಇನ್ನೊಬ್ಬ ಕೆಸರು ಮೆತ್ತಿದೆ ಎನ್ನುತ್ತಾನೆ. ಬೀಸುವ ಕಿವಿಯನ್ನು ಹಿಡಿದು ನಿಲ್ಲಿಸುವ ಒಂದು ಚಿತ್ರ ಬೇಕಾಗಿತ್ತು.

ಅದಕ್ಕೆ ರೇಂಜರ್ ಸಾಹೇಬರು ಪಕ್ಕದ ಪೇಟೆಯ ಒಬ್ಬ ಫೋಟೋಗ್ರಾಫರನನ್ನು ಕರೆಸಿದರು. ಹಕ್ಕಿಗಳ ಫೋಟೋ ತೆಗೆದು ತಕ್ಕಮಟ್ಟಿಗೆ ಹೆಸರು ಮಾಡಿದ್ದವನು. ಹೊಸದಾಗಿ ಒಂದು ಉದ್ದನೆಯ ಜೂಮ್ ಲೆನ್ಸ್ ಕೊಂಡಿದ್ದ. ರೇಂಜರ್ ಅವನಿಗೆ ಮಾತನ್ನು ಸುತ್ತಿಬಳಸದೆ ಹೇಳಿದರು. "ನೋಡ್ರೀ, ತಪ್ಪು ಆನೆ ಹಿಡಿದ್ವಿ ಅಂದ್ರೆ ಏನೂ ಮಾಡದ ಪ್ರಾಣಿ ಬದುಕಿಡೀ ಸರಪಳಿಯಲ್ಲಿ ಕಳೆಯುತ್ತೆ. ಕೊಂದ ಆನೆ ಇಲ್ಲೇ ಇವರ ಹೊಲದಲ್ಲೇ ಇರುತ್ತೆ. ಕಿವಿ ಅಂಚು ಕಂಡ್ರೆ ಸಾಕು."

ಫೋಟೋಗ್ರಾಫರ್ ನಕ್ಕ. "ಕಿವಿ ಏನು ಸಾರ್, ಇಲ್ಲಿಂದಲೇ ಅದರ ರೆಪ್ಪೆ ಕೂದಲು ಎಣಿಸಿ ಕೊಡ್ತೀನಿ" ಎಂದ. ಹೊಸ ಲೆನ್ಸ್ ಕೈಗೆ ಬಂದವರೆಲ್ಲ ಮೊದಲ ವಾರ ಹೀಗೇ ಮಾತಾಡುವುದು.

ಅವನಿಗೆ ಊರಿನದೇ ಒಂದು ಹಳೆಯ ಬಾಡಿಗೆ ಜೀಪು ಗೊತ್ತಾಯಿತು. ಅದರ ಬ್ಯಾಟರಿ ಸತ್ತು ತಿಂಗಳುಗಳಾಗಿತ್ತು. ಬೆಳಿಗ್ಗೆ ಊರವರೆಲ್ಲ ಸೇರಿ ತಳ್ಳಿದ ಮೇಲೆ ಜೀಪು ಕೆಮ್ಮಿ, ಸೀನಿ, ಹೊಗೆ ಕಾರಿ ಶುರುವಾಗಿತ್ತು. ಫೋಟೋಗ್ರಾಫರ್ ಒಳಗೆ ಕುಳಿತು ಡ್ರೈವರನಿಗೆ ಹೇಳಿದ ಮೊದಲ ಮಾತು, "ಏನೇ ಆಗಲಿ, ಎಂಜಿನ್ ಮಾತ್ರ ಆಫ್ ಮಾಡಬೇಡ." ಅವನು ಕಾಡಾನೆಯನ್ನು ಹತ್ತಿರದಿಂದ ನೋಡಿದವನಲ್ಲ. ಅವನಿಗೆ ಭಯವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಜೀಪನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿದರು. ಆನೆಗಳು ಬಲು ದೂರದಲ್ಲಿ, ಆಚೆ ದಡದ ಕಡೆಯ ನೀರಿನಲ್ಲಿದ್ದವು. ಮಧ್ಯಾಹ್ನದ ಬಿಸಿಲು. ಅಷ್ಟು ದೂರದಿಂದ ತೆಗೆಯುವುದಕ್ಕೇ ಅಲ್ಲವೇ ಈ ಲೆನ್ಸ್ ತಂದದ್ದು ಎಂದುಕೊಂಡು ಫೋಟೋಗ್ರಾಫರ್ ಜೂಮನ್ನು ಕೊನೆಯವರೆಗೆ ತಿರುಗಿಸಿದ. ಒಂದರ ಹಿಂದೆ ಒಂದು ಫೋಟೋ ತೆಗೆದ. ಪುಟ್ಟ ಪರದೆಯಲ್ಲಿ ನೋಡಿದ. ಆನೆ ಪರದೆಯ ತುಂಬ ಇತ್ತು. ಗೆದ್ದೆ ಎಂದುಕೊಂಡ.

ಏರಿಯ ಕೆಳಗೆ ಜನ ಸೇರಿದ್ದರು. ರೇಂಜರ್ ಕ್ಯಾಮೆರಾ ಇಸಿದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ದೊಡ್ಡ ಆನೆಯ ಎಡಗಿವಿ. ಕೆಳಗಿನ ಅಂಚಿನಲ್ಲಿ ಒಂದು ಕಡೆ ಗೆರೆ ಮುರಿದಂತಿತ್ತು. ಅವರು ಸತ್ತವನ ಅಣ್ಣನನ್ನು ಕರೆದು ತೋರಿಸಿದರು. ಅವನು ಬಗ್ಗಿ ನೋಡಿದ.

"ಇದೇ ಸಾಮಿ. ಇದೇ ನನ್ ತಮ್ಮುನ್ನ ತುಳಿದಿದ್ದು" ಎಂದು ಅಲ್ಲೇ ಕುಸಿದು ಕುಳಿತು ಅತ್ತ.

ಜನ ಕ್ಯಾಮೆರಾದ ಸುತ್ತ ಮುತ್ತಿಕೊಂಡರು. ನೋಡಿದವರೆಲ್ಲರಿಗೂ ಹರಿದ ಕಿವಿ ಕಂಡಿತು. ರೇಂಜರ್ ಫೋಟೋಗ್ರಾಫರನ ಕೈ ಕುಲುಕಿದರು. ಅವರ ಮುಖದ ಮೇಲೆ ವಾರದಿಂದ ಇದ್ದ ಬಿಗುವು ಸಡಿಲಿತು. ಯಾರೋ ಟೀ ತರಲು ಓಡಿದರು.

ಫೋಟೋಗ್ರಾಫರ್ ಖುಷಿಯಿಂದ ಜೀಪಿಗೆ ಬಂದು ಕುಳಿತು, ಮೆಚ್ಚಿಕೊಳ್ಳಲೆಂದೇ ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದ. ಅದೇ ಆನೆ, ಅದೇ ಕಿವಿ, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಅನಂತರ ತೆಗೆದ ಇನ್ನೊಂದು ಚಿತ್ರ. ಅದರಲ್ಲಿ ಅಂಚು ಹರಿದಿರಲಿಲ್ಲ. ಮುಂದಿನದರಲ್ಲಿ ಎರಡು ಕಡೆ ಹರಿದಿತ್ತು. ಅದರ ಮುಂದಿನದರಲ್ಲಿ ಆನೆಯ ಹಿಂದಿದ್ದ ಮರದ ಕಾಂಡವೂ ಅಲ್ಲಲ್ಲಿ ಹರಿದಿತ್ತು.

ಅವನು ತಲೆಯೆತ್ತಿ ಕೆರೆಯ ಕಡೆ ನೋಡಿದ. ಕಾದ ನೆಲದ ಮೇಲಿನ ಗಾಳಿ ಕುದಿಯುವ ನೀರಿನಂತೆ ಅಲುಗುತ್ತಿತ್ತು. ಕೆರೆಯಗಲದ ಆ ಗಾಳಿಯನ್ನೆಲ್ಲ ಲೆನ್ಸು ಆನೆಯ ಜೊತೆಗೇ ಹತ್ತಿರಕ್ಕೆ ಎಳೆದು ತಂದಿತ್ತು. ಹರಿದದ್ದು ಕಿವಿಯಲ್ಲ.

ಅವನು ಸುಮ್ಮನಿರಬಹುದಿತ್ತು. ರೇಂಜರ್ ಒಪ್ಪಿದ್ದಾರೆ. ಕಣ್ಣಾರೆ ಕಂಡವನೇ ಹೌದು ಎಂದಿದ್ದಾನೆ. ಎರಡರಲ್ಲಿ ಒಂದು ತಾನೇ, ದೊಡ್ಡದೇ ಆಗಿದ್ದರೂ ಆಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡು ಸಮಾಧಾನವಾಗಲಿಲ್ಲ. ಎದುರಿಗೆ ಹುಣಸೆ ಮರದ ಬುಡದಲ್ಲಿ ಸತ್ತವನ ಅಣ್ಣ ಕುಳಿತಿದ್ದ. ಕೈಯಲ್ಲಿ ಟೀ ಲೋಟವಿತ್ತು. ಕುಡಿಯುತ್ತಿರಲಿಲ್ಲ. ನಾಳೆಯಿಂದ ಇವನು ಧೈರ್ಯವಾಗಿ ಹೊಲಕ್ಕೆ ಹೋಗುತ್ತಾನೆ, ಆನೆ ಹೋಯಿತೆಂದು ನಂಬಿಕೊಂಡು ಹೋಗುತ್ತಾನೆ ಎಂಬುದು ಫೋಟೋಗ್ರಾಫರನ ತಲೆಗೆ ಬಂತು. ಅವನು ಎದ್ದು ರೇಂಜರ್ ಹತ್ತಿರ ಹೋದ.

"ಸಾರ್, ಆ ಹರಕು ಆನೆ ಕಿವಿಯಲ್ಲಿಲ್ಲ. ನನ್ನ ಫೋಟೋದಲ್ಲಿದೆ."

"ಏನ್ರೀ ಹಾಗಂದ್ರೆ? ಊರೆಲ್ಲ ನೋಡಿದೆಯಲ್ರೀ!"

ಅವನು ಉಳಿದ ಚಿತ್ರಗಳನ್ನು ತೋರಿಸಿದ. ರೇಂಜರ್ ಒಂದೊಂದನ್ನೇ ನೋಡಿದರು. ಅವರ ಮುಖ ಮತ್ತೆ ಬಿಗಿದುಕೊಂಡಿತು. ಜನರತ್ತ ನೋಡಿ ದನಿ ತಗ್ಗಿಸಿದರು.

"ಹೊತ್ತು ಮುಳುಗೋದ್ರೊಳಗೆ ಇನ್ನೊಂದು ತಗೊಂಡು ಬನ್ನಿ. ನೀವು ತರಲಿಲ್ಲ ಅಂದ್ರೆ ಬೆಳಿಗ್ಗೆ ದೊಡ್ಡದನ್ನೇ ಹಿಡಿಯೋದು. ಇವರನ್ನ ಇನ್ನು ತಡೆಯೋಕೆ ನನ್ನ ಕೈಲಾಗಲ್ಲ. ಜೀಪಿಂದ ಮಾತ್ರ ಇಳೀಬೇಡಿ."

ಜೀಪು ಏರಿಯಿಂದ ಇಳಿದು ಕೆರೆಯ ಒಣನೆಲಕ್ಕೆ ಬಂತು. ಡ್ರೈವರ್ ನಿಧಾನವಾಗಿ, ಬಳಸಿಕೊಂಡು, ಆನೆಗಳಿಗೆ ಕಾಣುವಂತೆಯೇ ಹೋದ. ಕಲ್ಲೆಸೆದರೆ ತಲುಪುವಷ್ಟು ದೂರದಲ್ಲಿ ನಿಲ್ಲಿಸಿ, ಜೀಪನ್ನು ಅಡ್ಡ ತಿರುಗಿಸಿದ. ಎಂಜಿನ್ ಗಡಗಡ ಎನ್ನುತ್ತಲೇ ಇತ್ತು. ಆನೆಗಳು ಆ ಸದ್ದಿಗೆ ಬೆನ್ನು ತಿರುಗಿಸಿ ನಿಂತುಕೊಂಡವು. ಆಗಾಗ ಅರೆಬರೆ ಓರೆಯಾಗುತ್ತಿದ್ದವು, ಅಷ್ಟೇ.

ಬಿಸಿಲು ಇಳಿದಿತ್ತು. ಗಾಳಿಯ ಅಲುಗಾಟ ನಿಂತಿತ್ತು. ಫೋಟೋಗ್ರಾಫರ್ ಈ ಸಲ ಜೂಮನ್ನು ಕೊನೆಯವರೆಗೆ ಎಳೆಯಲಿಲ್ಲ, ಸ್ವಲ್ಪ ಹಿಂದಕ್ಕೆ ತಂದ. ರಾಗಿ ತುಂಬಿದ ಒಂದು ಪುಟ್ಟ ಚೀಲವನ್ನು ಕಿಟಕಿಯ ಕಟ್ಟಿನ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿದ. ಆನೆ ಓರೆಯಾದಾಗ ಫೋಕಸನ್ನು ಕಿವಿಯ ಮೇಲೇ ಕೂರಿಸಿದ. ತೆಗೆದ. ದೊಡ್ಡದು ಮಾಡಿ ನೋಡಿದ. ಕಿವಿಗೆ ಎರಡು ಅಂಚು. ಮತ್ತೆ ತೆಗೆದ. ಮತ್ತೆ ಎರಡು ಅಂಚು.

"ಶಟರ್ ಸ್ಪೀಡ್ ಎಷ್ಟಿತ್ತು ಮೇಷ್ಟ್ರೇ?" ಇಂದುಧರ ತಡೆಯಲಾರದೆ ಕೇಳಿದ.

"ಆನೆ ಕಡೆ ನೋಡಪ್ಪ. ಶಟರ್ ಎಲ್ಲಿಗೂ ಓಡಿಹೋಗಲ್ಲ" ಎಂದು ಮೇಷ್ಟ್ರು ಮುಂದುವರಿಸಿದರು.

ಬೆಳಕು ಇಳಿಯುತ್ತಿತ್ತು. ಬೆಳಕು ಇಳಿದಷ್ಟೂ ಶಟರ್ ನಿಧಾನವಾಗಲೇಬೇಕು. ಶಟರ್ ನಿಧಾನವಾದಷ್ಟೂ ಸಣ್ಣ ನಡುಕವೂ ಚಿತ್ರದಲ್ಲಿ ದೊಡ್ಡದಾಗುತ್ತದೆ. ಫೋಟೋಗ್ರಾಫರನಿಗೆ ಅಳು ಬರುವುದೊಂದು ಬಾಕಿ. ಲೆನ್ಸನ್ನೇ ಶಪಿಸಿದ. ಅಂಗಡಿಯವನು ಕೆಟ್ಟ ಮಾಲು ತಲೆಗೆ ಕಟ್ಟಿದ ಎಂದುಕೊಂಡ. ಆಮೇಲೆ ತನ್ನ ಕೈಯನ್ನು ಶಪಿಸಿದ. ಭಯಕ್ಕೆ ಕೈ ನಡುಗುತ್ತಿದೆ ಎಂದುಕೊಂಡು, ಲೆನ್ಸಿನಿಂದ ಕೈ ತೆಗೆದು ಗಾಳಿಯಲ್ಲಿ ಚಾಚಿ ನೋಡಿದ. ಕೈ ಅಷ್ಟೇನೂ ನಡುಗುತ್ತಿರಲಿಲ್ಲ. ಅವನಿಗೇ ಆಶ್ಚರ್ಯವಾಯಿತು.

ಹಾಗೆ ಚಾಚಿದ ಕೈಯ ಆಚೆ, ಸ್ಟಿಯರಿಂಗಿನ ಮುಂದೆ, ನೀರಿನ ಬಾಟಲಿ ಇತ್ತು. ಬಾಟಲಿಯೊಳಗಿನ ನೀರು ಬಿಡದೆ ನಡುಗುತ್ತಿತ್ತು. ಅದರ ಪಕ್ಕದಲ್ಲಿ ಬೀಗದ ಕೈಗೊಂಚಲು ಕಿಣಿಕಿಣಿ ಅಲುಗುತ್ತಿತ್ತು. ಎಂಜಿನ್ ಜೀಪನ್ನು ನಡುಗಿಸುತ್ತಿತ್ತು, ಜೀಪು ಬಾಗಿಲನ್ನು, ಬಾಗಿಲು ರಾಗಿಯ ಚೀಲವನ್ನು, ಚೀಲ ಲೆನ್ಸನ್ನು. ಬೆಳಗಿನಿಂದ ಯಾವುದನ್ನು ನಂಬಿಕೊಂಡು ಅವನು ಈ ಜೀಪಿನಲ್ಲಿ ಕುಳಿತಿದ್ದನೋ ಅದೇ ಅವನ ಚಿತ್ರವನ್ನು ಅಳಿಸುತ್ತಿತ್ತು.

ಅವನು ಬಹಳ ಹೊತ್ತು ಆ ಬಾಟಲಿಯನ್ನೇ ನೋಡಿದ.

"ಆಫ್ ಮಾಡಪ್ಪ" ಎಂದ.

ಡ್ರೈವರ್ ತಿರುಗಿ ನೋಡಿದ. "ಏನ್ ಸಾರ್ ತಮಾಷೆನಾ? ನೀವೇ ಅಂದ್ರಿ ಆಫ್ ಮಾಡ್ಬೇಡ ಅಂತ. ಈಗ ಆಫಾದ್ರೆ ತಳ್ಳೋರು ಯಾರು? ಅವೇ ಬಂದು ತಳ್ಬೇಕು."

"ಗೊತ್ತು. ನೀನು ಆ ಕಡೆ ಬಾಗಿಲಿಂದ ಇಳಿದು ಏರಿ ಹತ್ತಿಬಿಡು. ಜೀಪು ಅಡ್ಡ ಇರುತ್ತೆ, ಅವುಕ್ಕೆ ನೀನು ಕಾಣಲ್ಲ. ನಾನೊಬ್ಬನೇ ಇರ್ತೀನಿ."

ಡ್ರೈವರ್ ಏರಿಯ ಕಡೆ ನೋಡಿದ. ಆನೆಗಳ ಕಡೆ ನೋಡಿದ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟು, ತೆಗೆದ.

"ಜೀಪು ನಂದು ಸಾರ್. ಬಿಟ್ಟು ಎಲ್ಲಿಗ್ ಹೋಗ್ಲಿ" ಎಂದು ಕೀಲಿ ತಿರುಗಿಸಿದ.

ಎಂಜಿನ್ ಎರಡು ಸಲ ಅದುರಿ ನಿಂತಿತು.

ಬೆಳಗಿನಿಂದ ಕಿವಿ ತುಂಬಿದ್ದ ಸದ್ದು ಹೋದ ಮೇಲೆ ಉಳಿದ ಮೌನ ಫೋಟೋಗ್ರಾಫರನಿಗೆ ಸಹಿಸಲಾಗಲಿಲ್ಲ. ನೀರು ಸೊಂಡಿಲಿನಿಂದ ಸುರಿಯುವುದು ಕೇಳಿಸಿತು. ಡ್ರೈವರನ ಉಸಿರು ಕೇಳಿಸಿತು. ಬಾಟಲಿಯ ನೀರು ನಿಧಾನವಾಗಿ ಅಲುಗುವುದನ್ನು ಬಿಟ್ಟು ಸಮವಾಯಿತು.

ಸದ್ದು ನಿಂತದ್ದೂ ಆನೆಗೆ ಒಂದು ಸುದ್ದಿಯೇ. ದೊಡ್ಡ ಆನೆ ತಿರುಗಿತು. ನೀರಿನಿಂದ ಮೇಲೆ ಬಂತು. ಜೀಪಿನ ಕಡೆಗೆ ಕೆಲವು ಹೆಜ್ಜೆ ಇಟ್ಟು ನಿಂತು, ತಲೆಯೆತ್ತಿ, ಎರಡೂ ಕಿವಿಗಳನ್ನು ಅಗಲವಾಗಿ ಹರಡಿತು.

ಆನೆ ಹಾಗೆ ಕಿವಿ ಹರಡುವುದು ಹೆದರಿಸಲು. ಕಿವಿಯ ಅಂಚು ಪೂರ್ತಿ ಕಾಣುವುದೂ ಆಗಲೇ.

"ಸಾರ್" ಎಂದ ಡ್ರೈವರ್. ಫೋಟೋಗ್ರಾಫರ್ ಉಸಿರನ್ನು ಅರ್ಧ ಬಿಟ್ಟು ತಡೆದ. ಎಡಗಿವಿಯ ಮೇಲೆ ಫೋಕಸ್ ಕೂರಿಸಿದ. ಬಟನ್ನನ್ನು ಮೆಲ್ಲಗೆ ಒತ್ತಿದ. ಇನ್ನೊಮ್ಮೆ ಒತ್ತಿದ. ಪರದೆ ನೋಡಲು ಕಣ್ಣು ತೆಗೆಯುವ ಹಾಗಿರಲಿಲ್ಲ, ನೋಡಬೇಕಾದ ಅಗತ್ಯವೂ ಇರಲಿಲ್ಲ. ಲೆನ್ಸಿನೊಳಗೇ ಕಾಣುತ್ತಿತ್ತು. ಅಂಚು ಒಂದೇ. ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಹರಿದಿರದ, ಇಡಿಯಾದ ಕಿವಿ.

ಈ ಆನೆ ಯಾರನ್ನೂ ಕೊಂದಿರಲಿಲ್ಲ.

ಆದರೆ ಅಷ್ಟು ಸಾಲದು. ಇನ್ನೊಂದರ ಕಿವಿ ತೋರಿಸದಿದ್ದರೆ ರೇಂಜರ್ ಜನರಿಗೆ ಏನು ಹೇಳಿಯಾರು? ಚಿಕ್ಕ ಆನೆ ಹಿಂದೆ ನೀರಿನಂಚಿನಲ್ಲಿ ನಿಂತು, ಇದಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಬೆನ್ನಿಗೆ ಕೆಸರು ಎರಚಿಕೊಳ್ಳುತ್ತಿತ್ತು. ಅದನ್ನು ತೆಗೆಯಬೇಕೆಂದರೆ ಎದುರಿಗಿರುವ ಆನೆಯ ಮೇಲಿನಿಂದ ಕಣ್ಣು ತೆಗೆಯಬೇಕು. ಮೈಮೇಲೆ ಬರುವ ಹಾಗೆ ನಿಂತಿರುವುದನ್ನು ಬಿಟ್ಟು, ತೆಪ್ಪಗಿರುವುದರ ಕಡೆ ಲೆನ್ಸ್ ತಿರುಗಿಸಬೇಕು.

ಅವನಿಗೆ ಓಡಬೇಕೆನಿಸಿತು. ಓಡಲು ಏನೂ ಉಳಿದಿರಲಿಲ್ಲ. ಅದು ಮನಸ್ಸಿಗೆ ಬಂದ ಮೇಲೆ, ವಿಚಿತ್ರವೆಂದರೆ, ಅವನ ಕೈಗೆ ಒಂದು ಭಾರ ಬಂತು, ಮೈ ಚೀಲದ ರಾಗಿಯಂತೆ ಕೆಳಗೆ ಕೂತುಕೊಂಡಿತು. ಅವನು ಲೆನ್ಸ್ ತಿರುಗಿಸಿದ.

ದೊಡ್ಡ ಆನೆ ಕಣ್ಣಿನಿಂದ ಮರೆಯಾಯಿತು. ಅದು ಈಗ ಎಲ್ಲಿದೆಯೋ ಗೊತ್ತಿಲ್ಲ. ಹೆಜ್ಜೆ ಇಡುತ್ತಿದೆಯೋ ಏನೋ, ಗೊತ್ತಿಲ್ಲ. ನೆಲದ ಮೇಲೆ ಏನೋ ಉಜ್ಜಿದ ಸದ್ದಾಯಿತು. ಡ್ರೈವರ್ ಮನೆದೇವರ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಲೆನ್ಸಿನೊಳಗೆ ಚಿಕ್ಕ ಆನೆಯ ಎಡಗಿವಿ ಕತ್ತಿಗೆ ಅಂಟಿಕೊಂಡಿತ್ತು. ಅಂಚು ಕಾಣುತ್ತಿರಲಿಲ್ಲ. ಬೀಸಿದರೆ ಕಾಣುತ್ತದೆ. ಅದು ಬೀಸಲಿಲ್ಲ. ಫೋಟೋಗ್ರಾಫರ್ ಕಾದ. ಒಂದು ನೊಣ ಬಂದು ಕೂರಬಾರದೇ ಎಂದು ಬೇಡಿಕೊಂಡ. ಉಜ್ಜಿದ ಸದ್ದು ಮತ್ತೆ, ಈ ಸಲ ಇನ್ನೂ ಹತ್ತಿರದಲ್ಲಿ. ಅವನು ಕದಲಲಿಲ್ಲ.

ಕಿವಿ ಮುಂದಕ್ಕೆ ಬಂತು. ಅವನು ಒತ್ತಿದ.

ಆಮೇಲೆ ಕಣ್ಣು ತೆಗೆದು ನೋಡಿದ. ದೊಡ್ಡ ಆನೆ ಜೀಪಿನ ಮೂತಿಯ ಹತ್ತಿರ ನಿಂತಿತ್ತು. ಅದರ ಚರ್ಮದ ಸುಕ್ಕು ಕಾಣಲು ಯಾವ ಲೆನ್ಸೂ ಬೇಕಿರಲಿಲ್ಲ. ಅದು ಸೊಂಡಿಲು ಚಾಚಿ, ನಿಂತುಹೋದ ಎಂಜಿನ್ನಿನ ಬಿಸಿಯನ್ನು ಮೂಸಿತು. ಬುಸ್ಸೆಂದು ಉಸಿರು ಬಿಟ್ಟಿತು. ತಲೆ ಕೊಡವಿ, ಒಂದು ಸೊಂಡಿಲು ಧೂಳನ್ನು ಜೀಪಿನ ಮೇಲೆ ಎರಚಿ, ಬಂದ ಹಾಗೆಯೇ ನೀರಿನ ಕಡೆಗೆ ನಡೆಯಿತು.

ಆಮೇಲೆ ಡ್ರೈವರ್ ಗಾಜಿನ ಮೇಲಿನ ಧೂಳು ನೋಡಿ, "ಮೊನ್ನೆ ತಾನೇ ತೊಳೆಸಿದ್ದೆ" ಎಂದ. ಇಬ್ಬರಿಗೂ ನಗು ಬಂತು.

ಸೂರ್ಯ ಮುಳುಗುವ ಹೊತ್ತಿಗೆ ಆನೆಗಳು ಆಚೆ ದಡ ಹತ್ತಿ ಹೋದವು. ಊರವರು ಬಂದು ಜೀಪನ್ನು ತಳ್ಳಿದರು. ರೇಂಜರ್ ಎರಡು ಚಿತ್ರಗಳನ್ನು ನೋಡಿದರು. ಒಂದರಲ್ಲಿ ಇಡಿಯಾದ ಕಿವಿ. ಇನ್ನೊಂದರಲ್ಲಿ ಕೆಳಗಿನ ಅಂಚು ಕಚ್ಚಿಟ್ಟ ರೊಟ್ಟಿಯ ಹಾಗೆ ಹರಿದಿತ್ತು. ಹರಿದ ಜಾಗದಲ್ಲಿ ಚರ್ಮ ಒಣಗಿ ಮಡಿಚಿಕೊಂಡದ್ದೂ ಕಾಣುತ್ತಿತ್ತು. ಅವರು ಸತ್ತವನ ಅಣ್ಣನನ್ನು ಕರೆದರು.

ಅವನು ಈ ಸಲ ಅಳಲಿಲ್ಲ. ನೋಡಿದೊಡನೆ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅಷ್ಟೇ ಸಾಕಾಗಿತ್ತು.

"ಮತ್ತೆ ಮಧ್ಯಾಹ್ನ ಆ ಇನ್ನೊಂದನ್ನ ಇದೇ ಅಂದ್ಯಲ್ಲಪ್ಪ?" ಎಂದು ರೇಂಜರ್ ಕೇಳಿದರು.

ಅವನು ತಲೆ ತಗ್ಗಿಸಿದ. "ಆವಾಗ ನಂಗೆ ಯಾವ್ದಾದ್ರೂ ಒಂದ್ ಆನೆ ಬೇಕಾಗಿತ್ತು ಸಾಮಿ" ಎಂದ.

ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿ ಲೋಟದಲ್ಲಿದ್ದ ನೀರು ಕುಡಿದರು.

ಇಂದುಧರನ ಅಂಗೈ ಬೆವೆತಿತ್ತು. ಕತೆ ಕೇಳುತ್ತ ಕೇಳುತ್ತ ಲೆನ್ಸನ್ನು ಬಿಗಿಯಾಗಿ ಹಿಡಿದುಕೊಂಡಿದ್ದನ್ನು ಅವನು ಈಗ ಗಮನಿಸಿದ. ಬೆವರು ತಾಗೀತೆಂದು ಕೈ ತೆಗೆದು, ಕರವಸ್ತ್ರದ ತುದಿಯಿಂದ ಪ್ಲಾಸ್ಟಿಕ್ಕನ್ನು ಮೃದುವಾಗಿ ಒರೆಸಿದ. ಆಮೇಲೆ ತಾನು ಕಲಿತದ್ದನ್ನು ಒಪ್ಪಿಸಿದ. ದೂರದ ಬಿಸಿಗಾಳಿಯಲ್ಲಿ ತೆಗೆಯಬಾರದು, ಹತ್ತಿರ ಹೋಗಬೇಕು. ಜೂಮನ್ನು ಕೊನೆಯವರೆಗೆ ಎಳೆಯಬಾರದು. ರಾಗಿ ಚೀಲದ ಮೇಲೆ ಊರಬೇಕು. ಉಸಿರು ತಡೆಯಬೇಕು. ಜೀಪಿನಲ್ಲಿದ್ದರೆ ಎಂಜಿನ್ ಆಫ್ ಮಾಡಬೇಕು. ಮೇಷ್ಟ್ರು ಒಂದೊಂದಕ್ಕೂ ಹೂಂ ಎಂದರು.

"ಆದರೆ ಮೇಷ್ಟ್ರೇ, ನಾನು ಜೀಪಿನಲ್ಲೇ ಇರಲಿಲ್ಲವಲ್ಲ" ಎಂದ ಇಂದುಧರ. ಅವನ ದನಿಯಲ್ಲಿ ಒಂದಿಷ್ಟು ಬೇಸರವೇ ಇತ್ತು. "ಕೆರೆ ದಡದಲ್ಲಿ ನೆಲದ ಮೇಲೆ ನಿಂತು ತೆಗೆದದ್ದು. ಆಫ್ ಮಾಡೋಕೆ ನನ್ನ ಹತ್ತಿರ ಎಂಜಿನ್ ಎಲ್ಲಿತ್ತು?"

ಮೇಷ್ಟ್ರು ಅವನ ತೊಡೆಯ ಕಡೆ ನೋಡಿದರು.

"ಆ ಪ್ಲಾಸ್ಟಿಕ್ ಯಾಕಪ್ಪ ಇನ್ನೂ ಕಿತ್ತಿಲ್ಲ?"

ವಾಪಸ್ ಕೊಡುವ ದಾರಿ ಇರಲೆಂದು ತಾನೇ ಬಿಟ್ಟಿದ್ದ ಟೇಪಿನ ತುದಿಗೆ ಇಂದುಧರನ ಉಗುರು ಹೋಯಿತು.